ಅವಲಕ್ಕಿಯ ಮೇಲೆ ಅಯೋಡಿನ್

ಅಯೋಡಿನ್ ಸೀಸೆ ನಾನು ಪಾಠ ಮಾಡುವ ಶಾಲೆಯದು. ಚನ್ನರಾಯಪಟ್ಟಣದ ಹೈಸ್ಕೂಲಿನ ಪ್ರಯೋಗಾಲಯದಿಂದ ಅದನ್ನು ಒಂದು ಶನಿವಾರ ಕರವಸ್ತ್ರದಲ್ಲಿ ಸುತ್ತಿ, ಊಟದ ಡಬ್ಬಿಯ ಪಕ್ಕ ನಿಲ್ಲಿಸಿಕೊಂಡು ಹೊಳೆನರಸೀಪುರದ ಬಸ್ಸು ಹತ್ತಿದೆ. ಸೋರಬಾರದೆಂದು ದಾರಿಯುದ್ದಕ್ಕೂ ಚೀಲವನ್ನು ತೊಡೆಯ ಮೇಲೆ ನೆಟ್ಟಗೆ ಹಿಡಿದಿದ್ದೆ. ಹೊಳೆನರಸೀಪುರದಲ್ಲಿ ನನ್ನ ಅಕ್ಕನ ಮನೆ.

ಅಕ್ಕ ನನಗಿಂತ ಎಂಟು ವರ್ಷ ದೊಡ್ಡವಳು. ಭಾವ ದೇವಸ್ಥಾನದ ಅರ್ಚಕರು. ಅಕ್ಕನಿಗೆ ಸಕ್ಕರೆ ಕಾಯಿಲೆ ಬಂದು ಬಹಳ ಕಾಲವಾಗಿತ್ತು. ಬೆಳಿಗ್ಗೆ ತಿಂಡಿಗೆ ಮುಂಚೆ ಒಂದು ಮಾತ್ರೆ, ಸಂಜೆ ಒಂದು, ತಪ್ಪಿಸಿದವಳಲ್ಲ. ಮಂಡಿ ಹೋದದ್ದು ಆಮೇಲೆ. ನೆಲದಲ್ಲಿ ಕೂತರೆ ಏಳಲಾಗುತ್ತಿರಲಿಲ್ಲ, ಹೊಸಿಲ ಮುಂದಿನ ರಂಗೋಲಿಯನ್ನು ಸ್ಟೂಲಿನ ಮೇಲೆ ಕೂತು ಬಗ್ಗಿ ಹಾಕುತ್ತಿದ್ದಳು. ಹಾಸನದ ಮೂಳೆ ಡಾಕ್ಟರು, ಹತ್ತು ಕೆಜಿ ಇಳಿದರೆ ಆಪರೇಷನ್ ಬೇಕಾಗದೇ ಇರಬಹುದು ಎಂದಿದ್ದರು. ಅಕ್ಕನಿಗೆ ಆಪರೇಷನ್ ಎಂದರೆ ಭಯ. ಆ ಹತ್ತು ಕೆಜಿಯನ್ನು ಇಳಿಸಿಕೊಡುತ್ತೇನೆಂದು ಅವಳಿಗೆ ಮಾತು ಕೊಟ್ಟವಳು ನಾನು.

ನನಗೆ ದಾರಿ ಗೊತ್ತಿತ್ತು. ಹಾಸನದಲ್ಲಿ, ನಾನಿರುವ ಬಡಾವಣೆಯ ಒಂದು ಸಭಾಂಗಣದಲ್ಲಿ, ಭಾನುವಾರಗಳಂದು ತೂಕ ಇಳಿಸುವ ತರಗತಿ ನಡೆಯುತ್ತಿತ್ತು. ನಡೆಸುತ್ತಿದ್ದವರು ಡಾಕ್ಟರಲ್ಲ, ತಾವೇ ತೂಕ ಇಳಿಸಿಕೊಂಡಿದ್ದವರು. ಎಲ್ಲರೂ ಅವರನ್ನು ಸರ್ ಎನ್ನುತ್ತಿದ್ದೆವು. ಅನ್ನ, ಮುದ್ದೆ, ಚಪಾತಿ, ದೋಸೆ ಎಲ್ಲವೂ ಅವರ ಪ್ರಕಾರ ಒಂದೇ ಶತ್ರು. 'ಕಾರ್ಬ್ ಬಿಡಿ, ಕೊಬ್ಬು ತಾನೇ ಕರಗುತ್ತೆ. ಸುಸ್ತಾಗುತ್ತೆ, ಬೆವರುತ್ತೆ, ತಲೆ ಸುತ್ತುತ್ತೆ. ಹೆದರಬೇಡಿ, ಅದೇ ಕರಗೋ ಗುರುತು' ಎನ್ನುತ್ತಿದ್ದರು. ನಾನು ಬಿಟ್ಟೆ, ಇಳಿದೆ. ಒಂದು ಭಾನುವಾರ ನನ್ನನ್ನು ಮುಂದೆ ನಿಲ್ಲಿಸಿ ಚಪ್ಪಾಳೆ ಹೊಡೆಸಿದರು, ಹತ್ತು ಜನರ ಗುಂಪಿಗೆ ಲೀಡರ್ ಮಾಡಿದರು. ಆ ಹತ್ತರಲ್ಲಿ ಅಕ್ಕನ ಹೆಸರು ಬರೆದದ್ದು ನಾನೇ. ಬರೆದ ಫಾರಂನಲ್ಲಿ ಎತ್ತರ, ತೂಕ, ಸೊಂಟದ ಅಳತೆ ಕೇಳಿದ್ದರು. ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ ಎಂಬ ಸಾಲು ಅದರಲ್ಲಿ ಇರಲಿಲ್ಲ. ಇಲ್ಲವೆಂಬುದು ಆಗ ನನ್ನ ಕಣ್ಣಿಗೆ ಬೀಳಲಿಲ್ಲ.

ಅಕ್ಕ ದಿನಾ ಫೋನಿನಲ್ಲಿ ಕಳಿಸುತ್ತಿದ್ದಳು: ಅನ್ನ ಇಲ್ಲ, ಮುದ್ದೆ ಇಲ್ಲ, ಚಪಾತಿ ಇಲ್ಲ. ಒಂದು ತಿಂಗಳಾದರೂ ತೂಕ ಅರ್ಧ ಕೆಜಿಯೂ ಇಳಿಯಲಿಲ್ಲ. ಗುಂಪಿನಲ್ಲಿ ಎಲ್ಲರೂ ಓದುವಂತೆ ಸರ್ ಬರೆದರು: 'ಲೀಡರ್ ಅವರ ಅಕ್ಕನೇ ಸುಳ್ಳು ಹೇಳಿದರೆ ಬೇರೆಯವರ ಗತಿ?' ಕೆಳಗೆ ನಗುವ ಮುಖಗಳು ಬಂದವು. ನನಗೆ ಅವಮಾನವಾಯಿತು. ಅವಳಿಗೆ ಏನಾಗಿರಬಹುದೆಂದು ನಾನು ಕೇಳಲಿಲ್ಲ.

ಹೇಳದೆ ಕೇಳದೆ ಒಂದು ದಿನ ಬೆಳಿಗ್ಗೆ ಅವಳ ಮನೆಗೆ ಹೋದೆ. ಅಡುಗೆಮನೆಯಲ್ಲಿ ಸ್ಟೂಲಿನ ಮೇಲೆ ಕೂತು ತಟ್ಟೆ ತುಂಬ ಒಗ್ಗರಣೆ ಅವಲಕ್ಕಿ ತಿನ್ನುತ್ತಿದ್ದಳು.

'ಇದೇನೇ ಇದು?'

'ಫಲಾಹಾರ ಕಣೇ. ಅನ್ನ ಬಿಟ್ಟಿದೀನಲ್ಲ, ಇನ್ನೇನು ತಿನ್ನಲಿ?'

'ರಾತ್ರಿಗೆ?'

'ಒಂದಿನ ಸಬ್ಬಕ್ಕಿ, ಒಂದಿನ ಉಪ್ಪಿಟ್ಟು. ಊಟ ಮುಟ್ಟಿಲ್ಲ, ನರಸಿಂಹನಾಣೆಗೂ!'

ಅವಳು ಸುಳ್ಳು ಹೇಳಿರಲಿಲ್ಲ. ಅರಕಲಗೂಡಿನ ನಮ್ಮ ತವರಿನಲ್ಲಿ ಅಮ್ಮ ಕಲಿಸಿದ್ದೂ ಅದೇ. ಏಕಾದಶಿಯ ದಿನ ಅನ್ನ ನಿಷಿದ್ಧ. ಅವಲಕ್ಕಿ, ರವೆ, ಸಬ್ಬಕ್ಕಿ ಆಗುತ್ತವೆ. ಅವನ್ನು ಎಷ್ಟು ತಿಂದರೂ ಊಟ ಮಾಡಿದ ಲೆಕ್ಕವಿಲ್ಲ, ಉಪವಾಸ ಕೆಡುವುದಿಲ್ಲ. ಬೇಯಿಸಿ ಕುಟ್ಟಿದ ಮೇಲೆ ಅಕ್ಕಿ ಅಕ್ಕಿಯಾಗಿ ಉಳಿಯುವುದಿಲ್ಲವೆಂದು ನಮ್ಮಂಥ ಮನೆಗಳು ತಲೆತಲಾಂತರದಿಂದ ನಂಬಿವೆ. ನಾನೂ ಆ ಮನೆಯಲ್ಲೇ ಬೆಳೆದವಳು. ಕೂತು, ಅದೂ ಪಿಷ್ಟವೇ ಅಕ್ಕ, ಎಂದು ಮೆಲ್ಲಗೆ ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಮುಂದಿನ ಶನಿವಾರ ಸೀಸೆ ತಂದೆ.

ಮೂರು ಬಟ್ಟಲಿನಲ್ಲಿ ನೆನೆಸಿದ ಅವಲಕ್ಕಿ, ರವೆ, ಸಬ್ಬಕ್ಕಿ ಇಟ್ಟೆ. ಎಂಟನೇ ಕ್ಲಾಸಿನ ಮಕ್ಕಳಿಗೆ ಮಾಡಿ ತೋರಿಸುವ ಹಾಗೆಯೇ ಒಂದೊಂದಕ್ಕೂ ಎರಡೆರಡು ಹನಿ ಹಾಕಿದೆ. ಪಿಷ್ಟವಿದ್ದಲ್ಲಿ ಅಯೋಡಿನ್ ನೀಲಿಗೆ ತಿರುಗುತ್ತದೆ. ಮೂರೂ ಕಡುನೀಲಿಯಾದವು. ಭಾವ ದೇವಸ್ಥಾನದಿಂದ ಆಗಷ್ಟೇ ಬಂದಿದ್ದರು. ಹಾಲು ಹಾಕುವ ಹೆಂಗಸು ಕ್ಯಾನು ಕೆಳಗಿಟ್ಟು ಹಿತ್ತಲ ಬಾಗಿಲಲ್ಲಿ ನಿಂತಿದ್ದಳು.

'ಏನ್ರವ್ವಾ ಇದು, ಅವ್ಲಕ್ಕಿಗೆ ಇಂಕು ಉಯ್ದಿದೀರಾ?' ಎಂದಳು ಹಾಲಿನವಳು.

'ನಮ್ಮ ಮೇಡಮ್ಮು ಪರೀಕ್ಷೆ ಮಾಡ್ತಿದಾರೆ' ಎಂದರು ಭಾವ. 'ನೈವೇದ್ಯಕ್ಕೂ ಎರಡು ಹನಿ ಹಾಕಿಬಿಡಮ್ಮ. ದೇವರು ಯಾಕೆ ದಪ್ಪಗಾಗ್ತಿದಾನೆ ಅನ್ನೋದೂ ಗೊತ್ತಾಗಲಿ.'

ಹಾಲಿನವಳು ಸೆರಗು ಬಾಯಿಗಿಟ್ಟು ನಕ್ಕಳು. ನಾನೂ ನಕ್ಕೆ. ಅಕ್ಕ ಬಟ್ಟಲುಗಳನ್ನೇ ನೋಡುತ್ತಿದ್ದಳು. ಎದ್ದು ಮೂರನ್ನೂ ಹಿತ್ತಲಿಗೆ ಒಯ್ದು ಚೆಲ್ಲಿ, ತೊಳೆದು ಬೋರಲು ಹಾಕಿದಳು. ಇಷ್ಟು ವರ್ಷದ ಏಕಾದಶಿಯೆಲ್ಲ ಸುಳ್ಳಾಯ್ತು ಹಾಗಾದರೆ, ಎಂದು ಗೋಡೆಗೆ ಹೇಳುವಂತೆ ಹೇಳಿದಳು.

ಅಂದಿನಿಂದ ಅವಳು ಅವಲಕ್ಕಿ, ರವೆ, ಸಬ್ಬಕ್ಕಿಯನ್ನೂ ಬಿಟ್ಟಳು. ಬೆಳಿಗ್ಗೆ ಸೌತೆಕಾಯಿ, ಮಧ್ಯಾಹ್ನ ಸೊಪ್ಪು, ರಾತ್ರಿ ಮಜ್ಜಿಗೆ. ಭಾವನಿಗೆ ಅನ್ನ ಬಡಿಸಿ ತಾನು ಎದುರಿಗೆ ಕೂತಿರುತ್ತಿದ್ದಳಂತೆ. ಎರಡು ವಾರಕ್ಕೆ ಐದು ಕೆಜಿ ಇಳಿದಳು. ಅವಳು ಕೂತಲ್ಲಿ ತೂಕಡಿಸುತ್ತಾಳೆ, ಕೈ ನಡುಗುತ್ತದೆ ಎಂದು ಭಾವ ಫೋನಿನಲ್ಲಿ ಹೇಳಿದಾಗ, ಅದು ಒಳ್ಳೆಯದೇ ಭಾವ, ಕರಗೋ ಗುರುತು, ಎಂದೆ. ಮಾತ್ರೆ ಮೊದಲಿನ ಹಾಗೆಯೇ ನಡೆದಿತ್ತು. ಸಕ್ಕರೆ ನೋಡುವ ಡಾಕ್ಟರಿಗೆ ಊಟ ಬದಲಾದ ವಿಷಯ ಅವಳೂ ಹೇಳಲಿಲ್ಲ, ಹೇಳು ಎಂದು ನಾನೂ ಹೇಳಲಿಲ್ಲ.

ಆಮೇಲೆ ಬಂದ ಏಕಾದಶಿ ಭಾನುವಾರ ಬಿತ್ತು. ತರಗತಿ ಬಿಟ್ಟು ಅವಳ ತೂಕ ನೋಡಲೆಂದೇ ಹೋಗಿದ್ದೆ. ಭಾವ ದೇವಸ್ಥಾನದಲ್ಲಿದ್ದರು. ಅಂದು ಅವಳು ಸೌತೆಕಾಯಿಯನ್ನೂ ತಿಂದಿರಲಿಲ್ಲ. ಇನ್ನು ಮೇಲೆ ನಿಜವಾದ ಉಪವಾಸ, ನೀನೇ ತೋರಿಸಿಕೊಟ್ಟೆಯಲ್ಲ, ಎಂದಳು. ಮಾತ್ರೆ ನುಂಗಿದ್ದಳು. ಹತ್ತೂವರೆಯ ಹೊತ್ತಿಗೆ ಅವಳ ಹಣೆ, ಕತ್ತು ಬೆವರಿತು. ರವಿಕೆಯ ಬೆನ್ನು ಒದ್ದೆಯಾಯಿತು. ನಾನು ನೋಡಿದೆ. ನೋಡಿ, ಒಳಗೊಳಗೇ ಸಂತೋಷಪಟ್ಟೆ. ಇದನ್ನು ಬರೆಯದೆ ಬಿಡಲಾರೆ.

ಸ್ವಲ್ಪ ಹೊತ್ತಿಗೆ ಅವಳ ಮಾತು ತಪ್ಪಿತು. ನನ್ನನ್ನು ಅಮ್ಮ ಎಂದು ಕರೆದು, ಬಾವಿ ಹಗ್ಗ ಎಲ್ಲಿ ಎಂದು ಕೇಳಿದಳು. ಆ ಹೊತ್ತಿಗೆ ಹಾಲಿನವಳು ಒಳಗೆ ಬಂದಳು.

'ಅಯ್ಯಯ್ಯೋ, ಅಮ್ನೋರಿಗೆ ಸಕ್ರೆ ಇಳ್ದೋಗದೆ ಕಣವ್ವಾ! ನಮ್ಮತ್ತೆಗೂ ಇಂಗೇ ಆಗಿತ್ತು. ಬೆಲ್ಲ ಕೊಡಿ, ಬಿರ್ರನೆ ಕೊಡಿ!' ಎಂದು ತಾನೇ ಡಬ್ಬಿ ತೆರೆದು ಬೆಲ್ಲ ತೆಗೆದಳು.

ನಾನು ಅವಳ ಮುಂಗೈ ಹಿಡಿದೆ. 'ಬೆಲ್ಲ ಕೊಡಬಾರದು. ಅವಳಿಗೆ ಸಕ್ಕರೆ ಕಾಯಿಲೆ.'

'ಅದಕ್ಕೇಯಾ ಕೊಡ್ಬೇಕಾಗಿರಾದು! ಬುಡ್ರೀ ಕೈಯ್ಯ!'

ಬಿಡಲಿಲ್ಲ. ನೀನು ಸುಮ್ಮನಿರು, ನಿನಗೇನು ಗೊತ್ತು, ಎಂದೆ. ಎಷ್ಟು ಹೊತ್ತು ಹಾಗೆ ಹಿಡಿದಿದ್ದೆ ಎಂದು ಬಹಳ ಸಲ ನೆನೆಸಿಕೊಂಡು ನೋಡಿದ್ದೇನೆ. ಸರ್‌ಗೆ ಎರಡು ಸಲ ಫೋನು ಮಾಡಿದೆ, ಅವರು ಎತ್ತಲಿಲ್ಲ. ಆ ಎರಡು ಫೋನಿನಷ್ಟು ಹೊತ್ತು. ಅಷ್ಟರಲ್ಲಿ ಅಕ್ಕ ಸ್ಟೂಲಿನಿಂದ ಪಕ್ಕಕ್ಕೆ ಜಾರಿದಳು. ಹಲ್ಲು ಕಚ್ಚಿಕೊಂಡಿತು, ಕೈಕಾಲು ಸೆಟೆದವು. ಆಗ ಬೆಲ್ಲ ಹಾಕಲು ಬಾಯಿ ತೆರೆಯುವಂತಿರಲಿಲ್ಲ.

ಊರಿನ ಆಸ್ಪತ್ರೆಯಲ್ಲಿ ಗ್ಲೂಕೋಸ್ ಏರಿಸಿ ಹಾಸನಕ್ಕೆ ಕಳಿಸಿದರು. ಮೂರನೆಯ ದಿನ ಕಣ್ಣು ಬಿಟ್ಟಳು. ಮಿದುಳಿಗೆ ಬೇಕಾದ ಸಕ್ಕರೆ ಸುಮಾರು ಹೊತ್ತು ಸಿಕ್ಕಿಲ್ಲ, ಎಷ್ಟು ಮರಳುತ್ತದೆಂದು ಕಾದು ನೋಡಬೇಕು ಎಂದರು ಅಲ್ಲಿಯ ಡಾಕ್ಟರು. ಗದರಲಿಲ್ಲ.

'ಪಿಷ್ಟ ಕಡಿಮೆ ಮಾಡಿದ್ದು ತಪ್ಪಲ್ಲಮ್ಮ. ತಟ್ಟೆ ತುಂಬ ಅವಲಕ್ಕಿ ತಿಂತಿದ್ರು, ಅದು ಕಡಿಮೆ ಆಗಲೇಬೇಕಿತ್ತು. ಅರ್ಧ ಮುದ್ದೆ, ಜೊತೆಗೆ ಕಾಳು, ಸೊಪ್ಪು ಅಂತ ನಿಧಾನವಾಗಿ ಇಳಿಸಬಹುದಿತ್ತು. ಪೂರ್ತಿ ನಿಲ್ಲಿಸಿ ಮಾತ್ರೆ ಮಾತ್ರ ಹಾಗೇ ಬಿಟ್ರಲ್ಲ. ಹೊಟ್ಟೇಲಿ ಏನೂ ಇಲ್ಲದಿದ್ರೂ ಅದು ಸಕ್ಕರೆ ಇಳಿಸ್ತಾನೇ ಇರುತ್ತೆ. ನೀವು ಏನು ಕೆಲಸದಲ್ಲಿದೀರಿ?'

'ಹೈಸ್ಕೂಲಲ್ಲಿ ವಿಜ್ಞಾನದ ಟೀಚರ್.'

ಅವರು ಫೈಲಿನ ಹಾಳೆ ಮಗುಚಿದರು.

ಸರ್ ಒಂದು ವಾರದ ಮೇಲೆ ಫೋನು ಎತ್ತಿದರು. 'ಶುಗರ್ ಮಾತ್ರೆ ತಗೋತಿದ್ರು ಅಂತ ನೀವು ನಮಗೆ ಹೇಳೇ ಇಲ್ಲವಲ್ಲ ಮೇಡಂ' ಎಂದರು. ನಿಜ, ಹೇಳಿರಲಿಲ್ಲ. ಸಂಜೆಯೊಳಗೆ ನನ್ನನ್ನು ಗುಂಪಿನಿಂದ ತೆಗೆದಿದ್ದರು. ತರಗತಿ ಈಗಲೂ ನಡೆಯುತ್ತಿದೆ. ಭಾನುವಾರ ಆ ರಸ್ತೆಯಲ್ಲಿ ಹೋದರೆ ಚಪ್ಪಾಳೆ ಕೇಳಿಸುತ್ತದೆ.

ಅಕ್ಕ ಮನೆಗೆ ಬಂದು ಒಂದು ವರ್ಷವಾಯಿತು. ನಡೆಯುತ್ತಾಳೆ, ಮಾತಾಡುತ್ತಾಳೆ, ಬಲಗೈ ಸ್ವಲ್ಪ ನಿಧಾನ. ತೂಕ ಆರು ಕೆಜಿ ಇಳಿದು ಅಲ್ಲೇ ನಿಂತಿದೆ, ಮಂಡಿನೋವೂ ಕಡಿಮೆ. ಮಾತ್ರೆ ಬದಲಾಗಿದೆ. ಡಾಕ್ಟರು ಬರೆದುಕೊಟ್ಟ ಊಟದಲ್ಲಿ ಮಧ್ಯಾಹ್ನಕ್ಕೆ ಅರ್ಧ ಮುದ್ದೆಯಿದೆ, ವಾರಕ್ಕೆರಡು ಸಲ ಒಂದು ಸಣ್ಣ ಬಟ್ಟಲು ಅವಲಕ್ಕಿಯೂ ಇದೆ. ಏಕಾದಶಿಯನ್ನು ಭಾವ ಒಬ್ಬರೇ ಮಾಡುತ್ತಾರೆ. ಹಾಲಿನವಳು ಅಕ್ಕನನ್ನು ದಿನವೂ ವಿಚಾರಿಸುತ್ತಾಳೆ. ನಾನಿದ್ದರೆ ಹಾಲು ಅಳೆದು ಸುಮ್ಮನೆ ಹೋಗುತ್ತಾಳೆ.

ಶನಿವಾರಗಳಂದು ಈಗಲೂ ಅಲ್ಲಿಗೇ ಹೋಗುತ್ತೇನೆ. ಊಟಕ್ಕೆ ಕೂತಾಗ ಅಕ್ಕ ತಟ್ಟೆಯನ್ನು ನನ್ನ ಕಡೆಗೆ ಸ್ವಲ್ಪ ಸರಿಸುತ್ತಾಳೆ. ಅರ್ಧ ಮುದ್ದೆ, ಹುರುಳಿಕಾಳಿನ ಸಾರು, ಹೆಚ್ಚಿದ ಸೌತೆಕಾಯಿ. ಒಂದೊಂದನ್ನೂ ಬೆರಳಿನಿಂದ ತೋರಿಸುತ್ತಾಳೆ.

'ಇದು ಆಗುತ್ತೇನೇ?'

'ಆಗುತ್ತೆ ಅಕ್ಕ.'

'ಇದು?'

'ಅದೂ ಆಗುತ್ತೆ. ತಿನ್ನು.'

ಭಾವ ತಲೆ ಎತ್ತದೆ ತಮ್ಮ ಅನ್ನ ಕಲೆಸುತ್ತಿರುತ್ತಾರೆ. ನಾನಿಲ್ಲದ ದಿನ ಅವರನ್ನು ಕೇಳುತ್ತಾಳಂತೆ. ಅವರು ಆಗುತ್ತದೆಂದರೆ ನಂಬದೆ ನನಗೆ ಫೋನು ಮಾಡಿಸುತ್ತಾಳೆ. ಶಾಲೆಯಲ್ಲಿ ಪಾಠದ ಮಧ್ಯೆ ಬಂದರೂ ನಾನು ಎತ್ತುತ್ತೇನೆ. ಎದುರಿಗಿದ್ದರೆ ಬರೀ ಮಾತು ಅವಳಿಗೆ ಸಾಲದು, ನಾನು ತಲೆಯಾಡಿಸಿದ್ದನ್ನು ನೋಡಬೇಕು. ಅಲ್ಲಿಯವರೆಗೂ ಅವಳ ಕೈ ತಟ್ಟೆಯ ಪಕ್ಕದಲ್ಲೇ ಇರುತ್ತದೆ.