ಒಂದೂ ಪಾಯಿಂಟು ಗಳಿಸದ ವರ್ಡೀನ್

ಬ್ರೆಂಡಾಲ್ ಹೈಸ್ಕೂಲಿನ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ನಾಲ್ಕು ವರ್ಷ ಆಡಿಯೂ ವರ್ಡೀನ್ ಕ್ಲಾಸ್ಟರ್ ಒಂದೇ ಒಂದು ಸಲವೂ ಬುಟ್ಟಿಗೆ ಚೆಂಡು ಹಾಕಿದವಳಲ್ಲ. ಕೈಲಾಗದೆ ಅಲ್ಲ, ಹಾಕುವ ಹಾಗೇ ಇರಲಿಲ್ಲ. ಆಗ ಅಯೋವಾ ರಾಜ್ಯದಲ್ಲಿ ಹುಡುಗಿಯರ ಆಟವೇ ಬೇರೆ. ತಂಡಕ್ಕೆ ಆರು ಜನ. ಮೂವರು ಫಾರ್ವರ್ಡ್‌ಗಳು ಅಂಗಳದ ಒಂದು ಅರ್ಧದಲ್ಲಿದ್ದು ಚೆಂಡು ಹಾಕಬೇಕು; ಮೂವರು ಗಾರ್ಡ್‌ಗಳು ಇನ್ನೊಂದು ಅರ್ಧದಲ್ಲಿದ್ದು ಎದುರಾಳಿಗಳು ಹಾಕದಂತೆ ತಡೆಯಬೇಕು. ನಡುಗೆರೆಯನ್ನು ಯಾರೂ ದಾಟುವಂತಿಲ್ಲ. ಚೆಂಡನ್ನು ಎರಡು ಸಲಕ್ಕಿಂತ ಹೆಚ್ಚು ಪುಟಿಸುವಂತಿಲ್ಲ. ಹುಡುಗಿಯರು ಜಾಸ್ತಿ ಓಡಿದರೆ ಒಳಗಿನದೇನೋ ಕಳಚಿ ಬೀಳುತ್ತದೆ ಎಂದು ಯಾವನೋ ಪುಣ್ಯಾತ್ಮ ಡಾಕ್ಟರು ಹೇಳಿದ್ದನಂತೆ. ಅದೇ ಹುಡುಗಿಯರು ಬೆಳಗಾಗೆದ್ದು ಹಂದಿಗಳಿಗೆ ಮೇವು ಹೊತ್ತು ಹಾಕಿ, ಹುಲ್ಲಿನ ಪಿಂಡಿ ಎಸೆದು ಸ್ಕೂಲಿಗೆ ಬರುತ್ತಿದ್ದರು. ಅದಕ್ಕೆ ಡಾಕ್ಟರ ಅಭ್ಯಂತರ ಇರಲಿಲ್ಲ.

ವರ್ಡೀನ್ ಎತ್ತರದ, ಮುಂಗೋಪದ ಹುಡುಗಿ. ಕೋಚ್ ಬ್ರೆಕ್ಕೆ ಅವಳನ್ನು ಮೊದಲ ದಿನ ಒಮ್ಮೆ ಮೇಲಿಂದ ಕೆಳಕ್ಕೆ ನೋಡಿ, "ನೀನು ಗಾರ್ಡ್ ಕಣಮ್ಮ. ಆ ಮೊಣಕೈ ಸುಮ್ನೆ ದಂಡ ಆಗಬಾರ್ದು" ಅಂದರು. ಅಲ್ಲಿಗೆ ಅವಳ ಹಣೆಬರಹ ತೀರ್ಮಾನವಾಯಿತು.

ಅವಳಿಗಿಂತ ಒಂದು ತರಗತಿ ಕೆಳಗಿದ್ದ ಆರ್ಲಿಸ್ ಟ್ವೇಟನ್ ಫಾರ್ವರ್ಡ್. ಆರ್ಲಿಸ್ ಚೆಂಡು ಮುಟ್ಟಿದರೆ ಅದು ಸಾಕಿದ ಬೆಕ್ಕಿನ ಹಾಗೆ ತಾನಾಗಿ ಬುಟ್ಟಿಯೊಳಗೆ ಹೋಗಿ ಕೂರುತ್ತಿತ್ತು. ಅರವತ್ತನಾಲ್ಕರಲ್ಲಿ ತಂಡ ರಾಜ್ಯ ಪಂದ್ಯಾವಳಿಗೆಂದು ರಾಜಧಾನಿ ಡಿ ಮೊಯಿನ್‌ಗೆ ಹೋದಾಗ ಊರಲ್ಲಿ ನಾಯಿಗೆ ಅನ್ನ ಹಾಕಲೂ ಒಬ್ಬರು ಉಳಿದಿರಲಿಲ್ಲ. ಅಲ್ಲಿ ವರ್ಡೀನ್ ರಾಜ್ಯದಲ್ಲೇ ಹೆಸರಾಂತ ಫಾರ್ವರ್ಡ್ ಒಬ್ಬಳನ್ನು ಇಡೀ ಪಂದ್ಯ ಅಂಟಿಕೊಂಡು ಕಾಡಿ, ಕೊನೆಗೆ ಅವಳು ಅಳುತ್ತ ಬೆಂಚಿಗೆ ಹೋಗುವ ಹಾಗೆ ಮಾಡಿದಳು. ಮರುದಿನ ಪೇಪರಿನಲ್ಲಿ ಬಂದದ್ದು ಆರ್ಲಿಸ್‌ಳ ಹೆಸರು. ತಂಡವನ್ನು ಬೆಂಕಿ ನಂದಿಸುವ ಲಾರಿಯ ಮೇಲೆ ಕೂರಿಸಿ ಮೆರವಣಿಗೆ ಮಾಡಿದಾಗ ತೆಗೆದ ಫೋಟೋ ಇಂದಿಗೂ ಊರಿನ ಕೆಫೆಯ ಗೋಡೆಯ ಮೇಲಿದೆ. ಅದರಲ್ಲಿ ಆರ್ಲಿಸ್ ಇದ್ದಾಳೆ, ಕುಕ್ಕೆಯಷ್ಟು ದೊಡ್ಡದಾಗಿ ಕಟ್ಟಿದ ಅವಳ ಕೂದಲೂ ಇದೆ. ಆ ಕೂದಲಿನ ಹಿಂದೆ ಕಾಣುವ ಒಂದು ಮೊಣಕೈ, ಅದು ವರ್ಡೀನ್.

"ಅಡಿಗೆ ಮಾಡಿದವಳು ಒಬ್ಬಳು, ಬಡಿಸಿ ಹೆಸರು ತಗೊಂಡವಳು ಇನ್ನೊಬ್ಬಳು" ಎಂದು ವರ್ಡೀನ್ ಗಂಡ ಮಿಲೋ ಹತ್ತಿರ ಆಗಾಗ ಹೇಳುತ್ತಿದ್ದಳು. ಹಂದಿ ಸಾಕಣೆಯ ಮಿಲೋ ಮಾತು ಕಡಿಮೆಯ ಮನುಷ್ಯ. "ಹೂಂ" ಅನ್ನುತ್ತಿದ್ದ. ಮದುವೆಯಾದಂದಿನಿಂದ ಅವನು ಈ ವಿಷಯಕ್ಕೆ ಅಂದದ್ದು ಅಷ್ಟೇ.

ಇದರಲ್ಲಿ ದೊಡ್ಡ ತೊಂದರೆ ಏನೆಂದರೆ ಆರ್ಲಿಸ್ ಒಳ್ಳೆಯವಳು. ಟ್ರ್ಯಾಕ್ಟರ್ ಮಾರುವವನನ್ನು ಮದುವೆಯಾಗಿ ಊರಲ್ಲೇ ಉಳಿದಳು. ಚರ್ಚಿನಲ್ಲಿ ಹಾಡುತ್ತಿದ್ದಳು, ಯಾರಿಗೆ ಆಪರೇಷನ್ ಆದರೂ ತಟ್ಟೆ ತುಂಬ ತಿಂಡಿ ಹೊತ್ತು ಹೋಗುತ್ತಿದ್ದಳು. ವರ್ಡೀನ್‌ಗೆ ಪಿತ್ತಕೋಶ ತೆಗೆದಾಗಲೂ ಮೊದಲು ಬಂದವಳು ಅವಳೇ. ಇಂಥವಳನ್ನು ಹೊಟ್ಟೆ ತುಂಬ ಬೈಯುವುದಾದರೂ ಹೇಗೆ?

ವರ್ಡೀನ್ ಸೇಡು ತೀರಿಸಿಕೊಳ್ಳಲು ಬೇರೆ ದಾರಿ ಕಂಡುಕೊಂಡಳು. ಅವಳು ಆ ಸ್ಕೂಲಿನ ಅಡಿಗೆಮನೆಗೇ ಕೆಲಸಕ್ಕೆ ಸೇರಿದವಳು, ನಿವೃತ್ತಿಯವರೆಗೂ ಅಲ್ಲೇ ಇದ್ದಳು. ಕಾಳು, ಖೀಮಾ ಹಾಕಿದ ಚಿಲಿ, ಜೊತೆಗೆ ದಾಲ್ಚಿನ್ನಿ ರೋಲು ಕೊಡುವ ದಿನ ಅವಳ ಸೌಟಿಗೆ ಒಂದು ನ್ಯಾಯವಿತ್ತು. ಹಿಂದಿನ ರಾತ್ರಿ ಪಂದ್ಯದಲ್ಲಿ ಚೆನ್ನಾಗಿ ತಡೆದ ಹುಡುಗಿಗೆ ನಡುವಿನ ಮೆತ್ತಗಿನ ರೋಲು. ಇಪ್ಪತ್ತು ಪಾಯಿಂಟು ಹೊಡೆದು ಬೀಗುತ್ತ ಬಂದವಳಿಗೆ ತಟ್ಟೆಯ ಮೂಲೆಯ ಸೀದ ರೋಲು. ಹೆಲ್ಮೆಟ್ಟು ಹಾಕಿ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುವ ಫುಟ್‌ಬಾಲ್ ಹುಡುಗರ ಬಗ್ಗೆ ಅವಳಿಗೆ ಯಾವ ಭ್ರಮೆಯೂ ಇರಲಿಲ್ಲ. "ಊರಿನ ಅರ್ಧ ತೆರಿಗೆ ಇವರ ಹೆಲ್ಮೆಟ್ಟಿಗೆ ಹೋಯ್ತು. ಒಳಗಡೆ ಕಾಪಾಡೋ ಅಂಥದ್ದು ಏನೂ ಕಾಣೆ" ಅನ್ನುತ್ತಿದ್ದಳು. ಮುಂದೆ ರಾಜ್ಯದವರು ಆರು ಜನರ ಆಟ ನಿಲ್ಲಿಸಿ ಹುಡುಗಿಯರಿಗೂ ಐದು ಜನರ ಆಟ ತಂದಾಗ ಹಳೆಯ ಆಟ ಹೋಯಿತಲ್ಲ ಎಂದು ಇಡೀ ಊರು ನಿಟ್ಟುಸಿರು ಬಿಟ್ಟಿತು, ವರ್ಡೀನ್ ನಿಟ್ಟುಸಿರು ಬಿಡಲಿಲ್ಲ, ಬೈದಳು. "ಈಗ ಎಲ್ಲರೂ ಎಲ್ಲಾ ಕಡೆ ಓಡ್ತಾರೆ. ಕೋಳಿಗೂಡಿಗೆ ಹಾವು ಬಿಟ್ಟ ಹಾಗಿದೆ" ಎಂದು ಮೊದಲ ಪಂದ್ಯ ನೋಡಿ ಬಂದು ಹೇಳಿದಳು. ಎರಡನೆಯದಕ್ಕೂ ಹೋದಳು. ಆಮೇಲೆ ಒಂದನ್ನೂ ತಪ್ಪಿಸಲಿಲ್ಲ.

ಅಂಥ ಸ್ಕೂಲು ಮುಚ್ಚುತ್ತದೆ ಎಂದು ಒಂದು ವಸಂತದಲ್ಲಿ ತೀರ್ಮಾನವಾಯಿತು. ಮಕ್ಕಳಿಲ್ಲ. ಇರುವಷ್ಟು ಮಕ್ಕಳನ್ನು ಹದಿನೈದು ಮೈಲಿ ಆಚೆಯ ಟಿಲ್ಡನ್ ಗ್ರೋವ್ ಸ್ಕೂಲಿಗೆ ಸೇರಿಸುವುದು. ಟಿಲ್ಡನ್ ಗ್ರೋವ್ ಅಂದರೆ ಬ್ರೆಂಡಾಲಿಗೆ ಮೂರು ತಲೆಮಾರಿನ ಹಗೆ. ಆ ಊರಿನವರು ಹಿಂದೊಮ್ಮೆ ಬ್ರೆಂಡಾಲಿನ ನೀರಿನ ಟ್ಯಾಂಕಿಗೆ ಗುಲಾಬಿ ಬಣ್ಣ ಬಳಿದು ಹೋಗಿದ್ದರು. ಬ್ರೆಂಡಾಲಿನ ತಂಡದ ಹೆಸರು ವೈಕಿಂಗರು, ಅವರದ್ದು ಬುಲ್‌ಡಾಗು. ಎರಡನ್ನೂ ಬಿಟ್ಟು ಒಟ್ಟು ತಂಡಕ್ಕೆ ಹೊಸ ಹೆಸರು ಹುಡುಕಲು ಸಮಿತಿ ಕೂತು, ಊಟ ಮಾಡಿ, ಮತ್ತೆ ಕೂತು, ಕೊನೆಗೆ "ಬಿರುಗಾಳಿ" ಎಂದು ಗೊತ್ತು ಮಾಡಿತು.

ವರ್ಡೀನ್ ಆ ಸಭೆಯಲ್ಲಿ ಎದ್ದು ನಿಂತಳು. "ನಮ್ಮ ಕಡೆ ಬಿರುಗಾಳಿ ಬಂದ್ರೆ ನೆಲಮಾಳಿಗೆಗೆ ಓಡಿ ಬಾಗಿಲು ಹಾಕ್ಕೊತೀವಿ. ಇನ್ಮೇಲೆ ಎದ್ದು ನಿಂತು ಚಪ್ಪಾಳೆ ಹೊಡೀಬೇಕೋ?"

ಸಮಿತಿ ಅದನ್ನು ಟಿಪ್ಪಣಿ ಮಾಡಿಕೊಂಡಿತು. ಹೆಸರು ಬದಲಾಗಲಿಲ್ಲ.

ಮುಚ್ಚುವ ಮೊದಲು ಹಳೆಯ ಜಿಮ್ಮಿನಲ್ಲಿ ಒಂದು ವಿದಾಯದ ಪಂದ್ಯ ಆಡಿಸೋಣ ಎಂದದ್ದು ಡ್ವೇನ್ ಸಾರ್ಬೊ. ವರ್ಡೀನ್ ಬಡಿಸಿದ ಚಿಲಿ ತಿಂದು ಬೆಳೆದವನು, ಈಗ ಊರವರಿಗೆಲ್ಲ ವಿಮೆ ಮಾರುತ್ತಾನೆ. ಹಳೆಯ ನಿಯಮದ ಆರು ಜನರ ಆಟ, ಹಳೆಯ ವಿದ್ಯಾರ್ಥಿನಿಯರೇ ಆಡುವುದು. ಸಮ ಸಂಖ್ಯೆಯ ವರ್ಷದಲ್ಲಿ ಪಾಸಾದವರು ಒಂದು ಕಡೆ, ಬೆಸ ವರ್ಷದವರು ಇನ್ನೊಂದು ಕಡೆ. ವರ್ಡೀನ್ ಪಾಸಾದದ್ದು ಅರವತ್ತನಾಲ್ಕರಲ್ಲಿ, ಆರ್ಲಿಸ್ ಅರವತ್ತೈದರಲ್ಲಿ.

ಡ್ವೇನ್ ಮನೆಗೆ ಬಂದು, ಕಾಫಿ ಕುಡಿದು, ಗಂಟಲು ಸರಿಮಾಡಿಕೊಂಡ. "ವರ್ಡೀನ್ ಅವರೇ, ನಾವೆಲ್ಲ ಮಾತಾಡ್ಕೊಂಡಿದ್ದೀವಿ. ಈ ಸಲ ನಿಮ್ಮನ್ನ ಫಾರ್ವರ್ಡ್ ಮಾಡ್ತೀವಿ. ಎದುರುಗಡೆಯವರು ಸ್ವಲ್ಪ ಜಾಗ ಬಿಡ್ತಾರೆ. ನೀವು ಒಂದು ಬುಟ್ಟಿ ಹಾಕಿದ್ರೆ ಇಡೀ ಊರಿಗೆ ಸಂತೋಷ."

"ಊರಿಗೆ ಸಂತೋಷ ಬೇಕಾದ್ರೆ ಸರ್ಕಸ್ ಕರೆಸಪ್ಪ" ಅಂದಳು ವರ್ಡೀನ್. "ಐವತ್ತು ವರ್ಷ ಆದ್ಮೇಲೆ ಭಿಕ್ಷೆ ಹಾಕೋಕೆ ಬಂದ್ಯಾ? ನಾನು ಗಾರ್ಡ್. ನನ್ನ ಎದುರು ಆರ್ಲಿಸ್‌ನ ನಿಲ್ಲಿಸು."

"ಆರ್ಲಿಸ್ ಅವರಿಗೆ ಸೊಂಟದ ಆಪರೇಷನ್ ಆಗಿದೆ..."

"ನನಗೆ ಮಂಡಿ ಎರಡೂ ಹೋಗಿದೆ. ಸರಿಹೋಯ್ತಲ್ಲ?"

ಅವನು ಹೋದ ಮೇಲೆ ಮಿಲೋ ಪೇಪರಿನ ಹಿಂದಿನಿಂದ ಕೇಳಿದ, "ಬಿದ್ದು ಗಿದ್ದು ಕಾಲು ಮುರ್ಕೊಂಡ್ರೆ?"

"ಡ್ವೇನ್ ವಿಮೆ ಮಾಡಿಸ್ತಾನಲ್ಲ."

"ಹೂಂ" ಅಂದ ಮಿಲೋ.

ಅಭ್ಯಾಸಕ್ಕೆ ಅವಳು ಹಂದಿ ದೊಡ್ಡಿಗೇ ಇಳಿದಳು. ಗೇಟು ತೆರೆದಿಟ್ಟು, ಕೈಯಗಲಿಸಿ ನಡುವೆ ನಿಂತು, ದೊಡ್ಡ ಹೆಣ್ಣು ಹಂದಿಯನ್ನು ಹೊರಗೆ ಹೋಗದಂತೆ ತಡೆಯುವುದು. ಹಂದಿಗಿಂತ ಒಳ್ಳೆಯ ಫಾರ್ವರ್ಡ್ ಭೂಮಿಯ ಮೇಲಿಲ್ಲ ಎಂಬುದು ಅವಳ ಅಭಿಪ್ರಾಯ. ಎಡಕ್ಕೆ ಎಂದು ತೋರಿಸಿ ಬಲಕ್ಕೆ ನುಗ್ಗುತ್ತದೆ, ಗೆದ್ದರೆ ಬೀಗುವುದಿಲ್ಲ. ಮೊದಲ ವಾರ ಹಂದಿ ಅವಳನ್ನು ಎರಡು ಸಲ ಕೆಸರಿಗೆ ಕೆಡವಿತು. ಮೂರನೆಯ ವಾರದ ಹೊತ್ತಿಗೆ ಅದು ಇವಳನ್ನು ಕಂಡರೆ ಬೇಸತ್ತು ಮಲಗಿಬಿಡುತ್ತಿತ್ತು.

ಪಂದ್ಯದ ಶನಿವಾರ ಮಧ್ಯಾಹ್ನ ಜಿಮ್ಮಿನ ಗ್ಯಾಲರಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ರೆಫರಿಯಾಗಿ ಲೂಥರನ್ ಚರ್ಚಿನ ಹೊಸ ಪಾಸ್ಟರು ಬಂದಿದ್ದರು, ಇನ್ನೂ ಮೂವತ್ತು ದಾಟದ ಸಾಧು ಸ್ವಭಾವದವರು. ಅಜ್ಜಿಯರ ಆಟ, ಏನು ಮಹಾ ಅಂದುಕೊಂಡಿದ್ದರು. ಸೀಟಿ ಊದುತ್ತಿದ್ದಂತೆ ವರ್ಡೀನ್ ಹೋಗಿ ಆರ್ಲಿಸ್‌ಗೆ ಅಂಟಿಕೊಂಡಳು.

"ಮೆಲ್ಲಗೆ ಕಣೆ ವರ್ಡೀನ್" ಎಂದು ಆರ್ಲಿಸ್ ನಕ್ಕಳು. "ನನ್ನ ಸೊಂಟ ಹೊಸದು."

"ಹಂಗಿದ್ರೆ ಗ್ಯಾರಂಟಿ ಇರತ್ತೆ, ಹೆದರ್ಬೇಡ."

ಆರ್ಲಿಸ್‌ಗೆ ಚೆಂಡು ಬಂದಾಗಲೆಲ್ಲ ಅವಳ ಮೂಗಿನ ಮುಂದೆ ವರ್ಡೀನ್‌ಳ ಅಂಗೈ ಇತ್ತು. ತಿರುಗಿದರೆ ಅಲ್ಲಿ ಭುಜ, ಮತ್ತೆ ತಿರುಗಿದರೆ ಆ ಮೊಣಕೈ. ಪಾಸ್ಟರು ಒಂದು ಫೌಲು ಕೊಟ್ಟರು. "ನಾನೆಲ್ಲಿ ಮುಟ್ಟಿದೆ ಪಾಸ್ಟರೇ? ಅವಳೇ ಬಂದು ನನ್ನ ಕೈಗೆ ಡಿಕ್ಕಿ ಹೊಡೆದ್ಲು!" ಎರಡನೆಯದು ಕೊಟ್ಟರು. "ಭಾನುವಾರ ನೀವು ದೇವರನ್ನ ನೋಡಿದ್ದೀನಿ ಅಂತೀರಿ. ಇಲ್ಲಿ ಎದುರಿಗಿರೋದೇ ಕಾಣ್ಸಲ್ವಲ್ಲ!" ಗ್ಯಾಲರಿ ಹೋ ಎಂದಿತು. ಪಾಸ್ಟರ ಕಿವಿ ಕೆಂಪಾಯಿತು.

ಫೌಲಾದಾಗ ಯಾರೂ ತಡೆಯದೆ ಹಾಕಲು ಬಿಡುವ ಚೆಂಡುಗಳನ್ನು ಆರ್ಲಿಸ್ ತಪ್ಪದೆ ಬುಟ್ಟಿಗೆ ಹಾಕಿದಳು, ಆ ಕೈ ಇನ್ನೂ ಕೆಟ್ಟಿರಲಿಲ್ಲ. ಆದರೆ ಆಡುತ್ತ ಆಡುತ್ತ ಒಂದನ್ನೂ ಹಾಕಲಾಗಲಿಲ್ಲ. ಅವಳ ನಗು ಮೊದಲು ಸಣ್ಣದಾಯಿತು, ಆಮೇಲೆ ಪೂರಾ ಹೋಯಿತು. ಮೂರನೆಯ ಸುತ್ತಿನಲ್ಲಿ ಕೈಗೆ ಬಂದ ಚೆಂಡನ್ನು ವರ್ಡೀನ್ ಮತ್ತೆ ತಟ್ಟಿ ಉರುಳಿಸಿದಾಗ ಆರ್ಲಿಸ್ ತಿರುಗಿ, ಮೊಣಕೈ ಮಡಚಿ, ಅವಳ ಪಕ್ಕೆಗೆ ಸರಿಯಾಗಿ ಒಂದು ತಿವಿದಳು. ಜೊತೆಗೊಂದು ಮಾತನ್ನೂ ಆಡಿದಳು. ಅದು ವರ್ಡೀನ್‌ಳ ತಾಯಿಗೆ ಸಂಬಂಧಪಟ್ಟದ್ದು, ಚರ್ಚಿನ ಹಾಡಿನ ಗುಂಪು ಸಾಲಾಗಿ ಕೂತಿದ್ದ ಕಡೆಗೂ ಸ್ಪಷ್ಟವಾಗಿ ಕೇಳಿಸಿತು.

ಪಾಸ್ಟರು ಸೀಟಿ ಬಾಯಲ್ಲಿಟ್ಟುಕೊಂಡೇ ಊದಲು ಮರೆತರು. ವರ್ಡೀನ್ ಪಕ್ಕೆ ಹಿಡಿದುಕೊಂಡು ಬಗ್ಗಿದಳು. ಅಳುತ್ತಿದ್ದಾಳೆ ಎಂದುಕೊಂಡರು ಎಲ್ಲ. ಅವಳು ಉಸಿರು ಸಿಕ್ಕದಂತೆ ನಗುತ್ತಿದ್ದಳು.

ನೀರು ಕುಡಿಯಲು ಬಿಟ್ಟಾಗ ಆರ್ಲಿಸ್ ತಾನಾಗಿ ಬಂದು ಅದೇ ಬೆಂಚಿನಲ್ಲಿ ಕೂತಳು. ಕ್ಷಮೆ ಕೇಳಲು ಅಂದುಕೊಂಡಳು ವರ್ಡೀನ್. ಕೇಳಲಿಲ್ಲ.

"ಹೈಸ್ಕೂಲಿಂದಾನೂ ನಿನ್ನ ಕಂಡ್ರೆ ನಂಗೆ ಆಗಲ್ಲ" ಅಂದಳು ಆರ್ಲಿಸ್, ಮುಂದೆ ನೋಡುತ್ತ. "ದಿನಾ ಸಂಜೆ ಪ್ರಾಕ್ಟೀಸಲ್ಲಿ ಬ್ರೆಕ್ಕೆ ಮಾಸ್ತರು ನಿನ್ನ ತಂದು ನನ್ನ ಮೇಲೆ ಬಿಡ್ತಿದ್ರು. ಒಂದು ಚೆಂಡು ಹಾಕೋಕೆ ಬಿಡ್ತಿರ್ಲಿಲ್ಲ ನೀನು. ಮನೆಗೆ ಹೋಗಿ ದಿಂಬಿಗೆ ಮುಖ ಒತ್ಕೊಂಡು ನಿನ್ನ ಬೈತಿದ್ದೆ. ಪಂದ್ಯದಲ್ಲಿ ಎದುರು ಯಾರು ಬಂದ್ರೂ ಉಸ್ಸಪ್ಪಾ, ವರ್ಡೀನ್ ಅಲ್ವಲ್ಲ ಅನ್ನಿಸೋದು. ಅದಕ್ಕೇ ಅಷ್ಟು ಪಾಯಿಂಟು."

"ಮತ್ತೆ ಪಿತ್ತಕೋಶ ತೆಗೆದಾಗ ತಿಂಡಿ ಹೊತ್ಕೊಂಡು ಬಂದೆ?"

"ಅಮ್ಮ ಇದ್ದಿದ್ರೆ ಹೋಗು ಅಂತಿದ್ಲು. ಹೋದೆ. ಖುಷಿಯಾಗೇನೂ ಬರ್ಲಿಲ್ಲ."

"ಅಯ್ಯೋ ಮಾರಾಯ್ತಿ, ಮೊದಲೇ ಹೇಳ್ಬಾರ್ದಿತ್ತಾ!" ಅಂದಳು ವರ್ಡೀನ್. ಪಕ್ಕೆ ಉರಿಯುತ್ತಿತ್ತು, ಆದರೂ ಅಂಥ ಹಗುರ ಅವಳಿಗೆ ಎಷ್ಟೋ ಕಾಲದಿಂದ ಆಗಿರಲಿಲ್ಲ. ತನ್ನನ್ನೂ ಒಬ್ಬರು ಇಷ್ಟು ಮನಸ್ಸಿಟ್ಟು ದ್ವೇಷಿಸಿದ್ದಾರಲ್ಲ!

ಆಟ ಮುಗಿಯುವ ಹೊತ್ತಿಗೆ ಬೆಸ ವರ್ಷದವರು ಒಂದು ಪಾಯಿಂಟು ಮುಂದಿದ್ದರು. ಆಗ ಆರ್ಲಿಸ್‌ಳ ಕೈಯಿಂದ ಜಾರಿದ ಚೆಂಡು ವರ್ಡೀನ್‌ಗೆ ಸಿಕ್ಕಿತು. ನಡುಗೆರೆಯ ಅಂಚಿಗೆ ಬಂದು ನಿಂತಳು. ಎದುರಿನ ಅರ್ಧದಲ್ಲಿದ್ದ ಹೆಂಗಸರೆಲ್ಲ ಮೊದಲೇ ಮಾತಾಡಿಕೊಂಡವರಂತೆ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಡ್ವೇನ್ ಎದ್ದು ನಿಂತು ಕೈ ಬೀಸುತ್ತಿದ್ದ.

"ದಾಟಿ! ದಾಟಿ!" ಎಂದು ಇಡೀ ಗ್ಯಾಲರಿ ಕೂಗಿತು. ಪಾಸ್ಟರು ಕೂಡ ಸೀಟಿಯನ್ನು ಬಾಯಿಂದ ತೆಗೆದು, ಈಗ ತಾನೇನೂ ನೋಡುವುದಿಲ್ಲ ಎನ್ನುವಂತೆ ಸೂರಿನ ಕಡೆ ಮುಖ ಮಾಡಿದರು.

ವರ್ಡೀನ್‌ಗೆ ಸಿಟ್ಟು ನೆತ್ತಿಗೇರಿತು. "ನಿಯಮ ಅನ್ನೋದು ಒಂದಿದೆ, ಗೊತ್ತಿಲ್ವಾ ದರಿದ್ರದವ್ರಾ!" ಎಂದು ಗ್ಯಾಲರಿಗೆ ಕೂಗಿ, ಚೆಂಡನ್ನು ತನ್ನ ಫಾರ್ವರ್ಡ್‌ಗೆ ಎಸೆದಳು. ಆ ಫಾರ್ವರ್ಡ್ ಡ್ವೇನನ ತಾಯಿ ಲವೋನ್. ಅವಳು ವರ್ಡೀನ್ ದಾಟುವುದನ್ನು ನೋಡಲು ಆಗಲೇ ಕಣ್ಣಲ್ಲಿ ನೀರು ತುಂಬಿಕೊಂಡು ನಿಂತಿದ್ದಳು. ಚೆಂಡು ಅವಳ ಹೊಟ್ಟೆಗೆ ಬಡಿದು, ಕೈಗೆ ಬಂದು, ಅಲ್ಲಿಂದ ಬುಟ್ಟಿಗೆ ಒಂದು ಮಾರು ದೂರದಲ್ಲಿ ಹಾರಿ, ಸ್ಕೂಲಿನ ಬ್ಯಾಂಡಿನಲ್ಲಿ ತುತ್ತೂರಿ ಊದುವವರ ನಡುವೆ ಬಿತ್ತು. ಗಂಟೆ ಹೊಡೆಯಿತು. ಸಮ ವರ್ಷದವರು ಸೋತರು.

ಆಮೇಲೆ ಊಟದ ಸಾಲಿನಲ್ಲಿ ಚಿಲಿಯ ಬಟ್ಟಲು ಹಿಡಿದು ನಿಂತಷ್ಟು ಹೊತ್ತೂ ವರ್ಡೀನ್ ಲವೋನ್‌ಳನ್ನು ಬೈದಳು. "ಅಳೋಕೆ ಚರ್ಚಿದೆ ಕಣೆ. ಇಲ್ಲಿ ಚೆಂಡು ನೋಡ್ಬೇಕು."

ಮುಂದಿನ ಚಳಿಗಾಲ ಬಿರುಗಾಳಿ ತಂಡದ ಮೊದಲ ಪಂದ್ಯಕ್ಕೆ ಆರ್ಲಿಸ್ ತಾನೇ ಕಾರು ತಂದು ವರ್ಡೀನ್‌ಳ ಮನೆ ಮುಂದೆ ಹಾರನ್ ಹೊಡೆದಳು. ಟಿಲ್ಡನ್ ಗ್ರೋವ್‌ನ ಜಿಮ್ಮಿನಲ್ಲಿ ಇಬ್ಬರೂ ಪಕ್ಕಪಕ್ಕ ಕೂತರು. ತಂಡದ ಗಾರ್ಡ್, ಬ್ರೆಂಡಾಲಿನ ಹುಡುಗಿಯೊಬ್ಬಳು, ಚೆನ್ನಾಗಿಯೇ ತಡೆಯುತ್ತಿದ್ದಳು. ರೆಫರಿ ಅವಳ ಮೇಲೆ ಸುಮ್ಮಸುಮ್ಮನೆ ಫೌಲು ಕೊಟ್ಟ. ವರ್ಡೀನ್ ಬಾಯಿ ತೆರೆಯುವಷ್ಟರಲ್ಲಿ ಆರ್ಲಿಸ್ ಎದ್ದು ನಿಂತಿದ್ದಳು.

"ಕಣ್ಣು ಬಿಟ್ಟು ನೋಡೋ ಹಂದಿ ಮುಖದವನೇ! ಅದು ಫೌಲಾ? ಫೌಲು ಅಂದ್ರೇನು ಅಂತ ಕೆಳಗೆ ಬಂದು ತೋರಿಸ್ಲಾ?"

ತುಂಬಿ ನಿಂತಿದ್ದ ಅಣೆಕಟ್ಟು ಒಡೆದ ಹಾಗೆ ಅವಳ ಬಾಯಿ ಅಷ್ಟಕ್ಕೆ ನಿಲ್ಲಲಿಲ್ಲ. ಕೊನೆಗೆ ಸ್ಕೂಲಿನ ಕಡೆಯಿಂದ ಒಬ್ಬ ಯುವಕ ಬಂದು, ಬಹಳ ವಿನಯದಿಂದ, "ತಾಯಿ, ದಯವಿಟ್ಟು ಹೊರಗೆ ನಡೀರಿ" ಎಂದು ಕೇಳಿಕೊಂಡ.

ವರ್ಡೀನ್ ಬಾಯಿಬಿಟ್ಟು ನೋಡುತ್ತ ಕೂತಳು. ಇಷ್ಟು ವರ್ಷ ಗಂಟಲು ಹರಿದುಕೊಂಡು ಕೂಗಿದರೂ ಅವಳನ್ನು ಯಾರೂ ಒಮ್ಮೆಯೂ ಹೊರಗೆ ಹಾಕಿರಲಿಲ್ಲ. ಇದರಲ್ಲೂ ಇವಳೇ ಮೊದಲಾದಳಲ್ಲ ಎಂದು ಹೊಟ್ಟೆ ಉರಿಯಿತು. ಆದರೂ ಎದ್ದು, ಆರ್ಲಿಸ್ ಬಿಟ್ಟುಹೋದ ಕೋಟನ್ನು ತೋಳಿನ ಮೇಲೆ ಹಾಕಿಕೊಂಡು, ಹೋಗುವ ದಾರಿಯಲ್ಲಿ ರೆಫರಿಗೆ ತನ್ನದೂ ಒಂದು ಮಾತು ಹೇಳಿ ಹೊರಬಂದಳು. ಹೊರಗೆ ಹಿಮ ಬೀಳುತ್ತಿತ್ತು. ಇಬ್ಬರೂ ಕಾರಿನಲ್ಲಿ ಹೀಟರ್ ಹಾಕಿಕೊಂಡು ಕೂತು, ಉಳಿದ ಆಟವನ್ನು ರೇಡಿಯೋದಲ್ಲಿ ಕೇಳುತ್ತ, ಅದರಲ್ಲಿ ಆಟದ ವಿವರಣೆ ಹೇಳುತ್ತಿದ್ದವನನ್ನು ಬೈದರು.