ಕೋಳಿ ಕದ್ದರೆ ಮೂರು ವರ್ಷ

ಮಧುಗಿರಿಯಲ್ಲಿ ನಮ್ಮ ಪಕ್ಕದ ಮನೆಯ ಹೆಡ್ ಕಾನ್ಸ್‌ಟೇಬಲ್ ಚೌಡಯ್ಯನವರ ಹೊಟ್ಟೆ ಬೆಲ್ಟಿನ ಮಾತು ಕೇಳುವುದಿಲ್ಲ, ಬಾಯಿ ಸೆಕ್ಷನ್ ಬಿಟ್ಟು ಬೇರೆ ಮಾತಾಡುವುದಿಲ್ಲ. ಉಪ್ಪಿಟ್ಟಿಗೆ ಉಪ್ಪು ಹೆಚ್ಚಾದರೆ ಹೆಂಡತಿಯ ಮೇಲೆ ಕೊಲೆಯತ್ನ, ಬೆಕ್ಕು ಹಾಲು ಕುಡಿದರೆ ಮನೆಗಳ್ಳತನ. ನನ್ನ ಮಗು ಅತ್ತರೆ ಗೋಡೆಯಾಚೆಯಿಂದ, "ಶಾಂತಿಭಂಗ ಕಣಮ್ಮ, ಜಾಮೀನಿಲ್ಲ ಇವ್ನಿಗೆ!" ಅವರು ನಗದ ವಿಷಯ ಒಂದೇ, ಕೆರೆ. ಬಣ್ಣದ ಕಾರ್ಖಾನೆಯ ಕೊಳಚೆ ಸೇರಿ ಅದರ ಮೀನೆಲ್ಲ ಸತ್ತು ತೇಲಿದವು. ನಮ್ಮ ನಲ್ಲಿಗೆ ಬರುವುದೂ ಅದೇ ನೀರು. ಕಾಯಿಸಿ ಸೋಸಿದರೂ ಮೊದಲು ನಾನು ಕುಡಿದು ನೋಡಿಯೇ ಮಗುವಿಗೆ ಕುಡಿಸುತ್ತೇನೆ. "ಆ ಮಾಲೀಕನನ್ನು ಜೈಲಿಗೆ ಹಾಕಬಾರದೇ?" ಎಂದರೆ ಚೌಡಯ್ಯ ನಿಟ್ಟುಸಿರಿಡುತ್ತಿದ್ದರು. "ಕೋಳಿ ಕದ್ದೋನಿಗೆ ಮೂರ್ ವರ್ಸ, ಕೆರೆ ಕೆಡಿಸ್ದೋನಿಗೆ ಮೂರೇ ತಿಂಗ್ಳು ಕಣಮ್ಮ. ಅದೂ ಇಲ್ದೆ ಫೈನ್ ಬಿಸಾಕಿ ನಗ್ತಾ ಓಯ್ತಾನೆ." ಎಂಬತ್ತಾರರಲ್ಲಿ ದಿಲ್ಲಿಯಲ್ಲಿ ಹೊಸ ಪರಿಸರ ಕಾಯಿದೆ ಬಂದ ಮೇಲೆ ಅವರ ನಡಿಗೆಯೇ ಬದಲಾಯಿತು. ಐದು ವರ್ಷದವರೆಗೆ ಜೈಲು, ಯಾರು ಬೇಕಾದರೂ ದೂರು ಕೊಡಬಹುದು. ಸರ್ವಿಸ್ ಪೂರ್ತಿ ಬೇರೆಯವರ ದೂರು ಬರೆದುಕೊಂಡ ಮನುಷ್ಯ ಇಂದು ರಜೆ ಹಾಕಿ, ಯೂನಿಫಾರ್ಮ್ ಬಿಚ್ಚಿಟ್ಟು, ಬಿಳಿ ಪಂಚೆಯುಟ್ಟು ನಮ್ಮ ಬಾಗಿಲಿಗೆ ಬಂದರು. "ದೂರು ಕೊಡಾಕ್ ಮುಂಚೆ ಸರ್ಕಾರಕ್ಕೆ ನೋಟೀಸ್ ಕೊಡ್ಬೇಕಂತೆ. ನನ್ ಹೆಸ್ರಲ್ಲೇ ಬರ್ದಿವ್ನಿ. ನೀವೂ ಒಂದ್ ಸೈನ್ ಹಾಕಿ, ಓದಿರೋರು." ನನಗೆ ಭಯವಾಯಿತು. "ನಿಮ್ಮ ಕೆಲಸಕ್ಕೆ ಕುತ್ತು ಬಂದರೆ?" "ಬರ್ಲಿ ಬುಡಿ ತಾಯಿ. ಪಿಂಚಣಿ ಮಡೀಕಂಡು ಯಾವ್ ನೀರ್ ಕುಡೀಲಿ?" ಮಗುವನ್ನು ಸೊಂಟಕ್ಕೇರಿಸಿಕೊಂಡು ಅವರ ಹೆಸರಿನ ಕೆಳಗೆ ನನ್ನ ಹೆಸರು ಬರೆದೆ.