ಕಾಲಂ ಸಾಹೇಬರು ಫೋನು ಜೋಡಿಸಿದ್ದು

ಕಾಲಂ ಸಾಹೇಬರಿಗೆ ಆ ಹೆಸರು ಕೊಟ್ಟದ್ದು ಅವರ ಕಚೇರಿಯವರೇ. ನೀರು ಸರಬರಾಜು ಕಚೇರಿಯಲ್ಲಿ ಅವರಿಗಿದ್ದ ಕೆಲಸ ಒಂದೇ: ಜನ ತಂದುಕೊಡುವ ಅರ್ಜಿಯಲ್ಲಿ ಯಾವ ಕಾಲಂ ಖಾಲಿ ಉಳಿದಿದೆ ಎಂದು ಹುಡುಕಿ, ಅರ್ಜಿಯನ್ನು ವಾಪಸು ತಳ್ಳುವುದು. ನಲ್ಲಿ ಬೇಕೆಂದು ಬಂದವನು 'ಇತರೆ ವಿಷಯ' ಎಂಬಲ್ಲಿ ಏನೂ ಬರೆದಿರದಿದ್ದರೆ ಅವನ ಮನೆಗೆ ನೀರಿಲ್ಲ. "ಇತರೆ ವಿಷಯ ಏನೂ ಇಲ್ಲ ಸಾರ್" ಎಂದು ಆತ ಅಂಗಲಾಚಿದರೆ, "ಇಲ್ಲ ಅಂತಲಾದರೂ ಬರೀಬೇಕಲ್ಲಪ್ಪ?" ಎನ್ನುವರು. ನೌಕರಿ ಮುಗಿಯುವವರೆಗೆ ಊರಿಗೆ ಅವರಿಂದ ಒಂದು ತೊಟ್ಟು ನೀರು ಬಂದದ್ದಿಲ್ಲ, ನಿಂತದ್ದು ಮಾತ್ರ ಟ್ಯಾಂಕುಗಟ್ಟಲೆ. ಬೀಳ್ಕೊಡುವ ದಿನ ಮಾತಾಡಿದವರೆಲ್ಲ ಹೊಗಳಿದರು. ಮೂಲೆಯಲ್ಲಿ ಕೂತ ಸರಕನ್ನು ಅಂಗಡಿಯವನು ಹೊಗಳದೆ ಸಾಗಹಾಕಲು ಆಗುತ್ತದೆಯೇ?

ಕಚೇರಿ ಅವರನ್ನು ಸಾಗಹಾಕಿತು. ಮನೆ ಕೈಯೊಡ್ಡಿ ತೆಗೆದುಕೊಳ್ಳಬೇಕಾಯಿತು.

ಮನೆಯಲ್ಲಿ ಹೆಂಡತಿ ಪರದೆ ಹೊಲಿಯುತ್ತಿದ್ದಳು. ಕಿಟಕಿ ಪರದೆ, ಬಾಗಿಲ ಪರದೆ, ಅಳತೆ ತೆಗೆದುಕೊಂಡು ಹೋಗಿ ತೂಗುಹಾಕಿ ಬರುವವರೆಗಿನ ಕೆಲಸವೆಲ್ಲ ಅವಳದೇ. ಯಂತ್ರ ಇದ್ದದ್ದು ಅಡುಗೆಮನೆಯಲ್ಲಿ, ಫ್ರಿಜ್ಜಿಗೂ ಪಾತ್ರೆ ತೊಳೆಯುವ ತೊಟ್ಟಿಗೂ ನಡುವೆ. ಬಟ್ಟೆಯ ಥಾನು ಹರಡಬೇಕೆಂದರೆ ಮೊದಲು ಒಲೆ ಆರಿಸಬೇಕು. ಪ್ರತಿ ಪರದೆಯ ಕೆಳ ಅಂಚಿನಲ್ಲಿ ಅವಳು ಒಂದು ಸಣ್ಣ ಪಟ್ಟಿ ಹೊಲಿದುಬಿಡುತ್ತಿದ್ದಳು, ಅದರ ಮೇಲೆ ಮನೆಯ ಫೋನ್ ನಂಬರು. ಅವಳ ಹತ್ತಿರ ಮೊಬೈಲು ಇತ್ತು, ಆದರೆ ಊರ ಕಿಟಕಿಗಳಲ್ಲಿ ತೂಗುತ್ತಿದ್ದದ್ದು ಮನೆಯ ನಂಬರು. ಗಿರಾಕಿ ಬರುತ್ತಿದ್ದದ್ದು ಅದರಿಂದ. ಆ ವ್ಯಾಪಾರದ ಬಗ್ಗೆ ಸಾಹೇಬರ ಅಭಿಪ್ರಾಯ ಟೀ ಅಂಗಡಿಯಲ್ಲಿ ಎಲ್ಲರಿಗೂ ಗೊತ್ತಿತ್ತು: "ಹೊತ್ತು ಹೋಗಬೇಕಲ್ಲ, ಏನೋ ಹೊಲ್ಕೊಂಡಿರ್ತಾಳೆ." ಆ ಹೊತ್ತು ಹೋಗುವ ಕೆಲಸದಿಂದಲೇ ಮಗಳ ಓದು ಮುಗಿದಿತ್ತು. ಸಾಹೇಬರು ಒರಗಿ ಕೂರುವ ಕುರ್ಚಿಯೂ ಅದರಿಂದಲೇ ಬಂದದ್ದು.

ಈ ನಡುವೆ ಹೊಸ ಆಸ್ಪತ್ರೆಯ ಮೇಲ್ವಿಚಾರಕಿ ಒಬ್ಬರು ಮನೆಗೆ ಬಂದು ಬಟ್ಟೆ ನೋಡಿ ಹೋದರು. ವಾರ್ಡುಗಳಲ್ಲಿ ಮಂಚಕ್ಕೂ ಮಂಚಕ್ಕೂ ನಡುವೆ ಎಳೆಯುವ ಪರದೆ, ಎರಡು ಮಹಡಿಗೂ. "ನಮ್ಮ ದೊಡ್ಡವರನ್ನ ಕೇಳಿ ಫೋನ್ ಮಾಡ್ತೀನಿ. ನಂಬರ್ ನಮ್ಮನೆ ಪರದೇಲೇ ಇದೆ" ಎಂದರು. ಅವರು ಮೆಟ್ಟಿಲಿಳಿದು ಹೋದ ಮೇಲೆ ಹೆಂಡತಿ ಬಟ್ಟೆಯ ಥಾನು ಮಡಚುತ್ತ ಲೆಕ್ಕ ಹಾಕಿದಳು. ಮುಂದಿನ ಬೀದಿಯಲ್ಲಿ ಒಂದು ಕೋಣೆ ಬಾಡಿಗೆಗೆ ಖಾಲಿ ಇತ್ತು. ದೊಡ್ಡ ಕಿಟಕಿ, ಥಾನನ್ನು ಉದ್ದಕ್ಕೂ ಹಾಸಬಹುದಾದ ನೆಲ. ಈ ಒಂದು ಕೆಲಸ ಕೈಗೆ ಬಂದರೆ ಯಂತ್ರ ಅಡುಗೆಮನೆಯಿಂದ ಹೊರಗೆ ಬೀಳುತ್ತದೆ. ಬಾರದಿದ್ದರೆ ಅವಳ ಕೈಯಲ್ಲಿ ಶಕ್ತಿಯಿರುವವರೆಗೂ ತೊಟ್ಟಿಯ ಪಕ್ಕದಲ್ಲೇ ತಿರುಗುತ್ತದೆ.

ಸರಿಯಾಗಿ ಅದೇ ಸಮಯಕ್ಕೆ ಫೋನ್ ಕಂಪನಿಯವರು ಹಳೆಯ ತಂತಿ ಕಿತ್ತು ಹೊಸ ಕೇಬಲ್ ಎಳೆದರು. ಇನ್ನು ಮುಂದೆ ಮನೆಯ ಫೋನೂ ಇಂಟರ್ನೆಟ್ಟಿನ ಮೇಲೇ ನಡೆಯುತ್ತದೆ, ನಂಬರು ಮಾತ್ರ ಹಳೆಯದೇ ಎಂದರು. ಕೇಬಲ್ಲಿನವನು ಗೋಡೆಗೆ ತೂತು ಕೊರೆದು ರೂಟರು ಹೊರತೆಗೆದ. "ಫೋನೂ ವೈಫೈಯೂ ಸೆಟ್ ಮಾಡಿ, ಒಂದು ಸಲ ಹೊರಗಿಂದ ಫೋನ್ ಮಾಡಿ ನೋಡಿ ಹೋಗ್ತೀನಿ ಸಾರ್" ಎಂದ.

"ಯಾಕೆ? ನಮಗೆ ಓದೋಕೆ ಬರಲ್ವಾ?" ಸಾಹೇಬರು ಕೇಳಿದರು.

"ಹಾಗಲ್ಲ ಸಾರ್..."

"ಪುಸ್ತಕ ಇಟ್ಟು ಹೋಗು. ಮಿಕ್ಕಿದ್ದು ನಾನು ನೋಡ್ಕೋತೀನಿ."

ಪುಕ್ಕಟೆ ಮಾಡಿಕೊಡುವ ಕೆಲಸವನ್ನು ಬಾಗಿಲಿಂದಾಚೆ ಕಳಿಸುವ ಜಾಣರನ್ನು ಆತ ಮೊದಲೂ ಕಂಡಿರಬೇಕು. ಏಣಿ ಮಡಚಿ ಹೊರಟುಹೋದ.

ಮೊದಲು ರೂಟರಿಗೆ ಜಾಗ ಹುಡುಕುವ ಕೆಲಸ. ಮನೆಯ ನಡುವೆ, ಎತ್ತರದಲ್ಲಿ ಇಡಿ ಎಂದು ಪುಸ್ತಕದಲ್ಲಿತ್ತು. ಸಾಹೇಬರು ಅದನ್ನು ಕಬ್ಬಿಣದ ಬೀರುವಿನೊಳಗೆ ಇಟ್ಟು ಬೀಗ ಹಾಕಿದರು. ಬೆಲೆಬಾಳುವ ವಸ್ತು, ಹೊರಗೆ ಬಿದ್ದಿರಬಾರದು. ವೈಫೈ ಬೀರುವಿನ ಎದುರು ನಿಂತವರಿಗೆ ಸಿಕ್ಕಿತು, ಒಂದು ಹೆಜ್ಜೆ ಸರಿದವರಿಗೆ ಇಲ್ಲ. ಔಷಧಿ ಅಂಗಡಿಯ ಕೆಲಸ ಮುಗಿಸಿ ಬಂದ ಮಗಳು ನೋಡಿ, "ಅಪ್ಪಾ, ಇದು ಒಡವೆ ಅಲ್ಲ. ಆಚೆ ತೆಗೀರಿ, ಉಸಿರು ಕಟ್ತಿದೆ ಅದಕ್ಕೆ" ಎಂದಳು. ಸಾಹೇಬರು ಎರಡು ದಿನ ಮುನಿಸಿಕೊಂಡು, ಆಮೇಲೆ ಅದು ತಮ್ಮದೇ ಯೋಚನೆ ಎಂಬಂತೆ ತೆಗೆದು ಟಿವಿಯ ಮೇಲಿನ ಹಲಗೆಗೆ ಏರಿಸಿದರು.

ಫೋನಿನದು ಇನ್ನೊಂದು ಕಥೆ. ಹಳೆಯ ಫೋನಿನ ವೈರನ್ನು ಅವರು ಗೋಡೆಯ ಹಳೆಯ ಸಾಕೆಟ್ಟಿಗೇ ಚುಚ್ಚಿದರು. ಸದ್ದಿಲ್ಲ. ಸಾಕೆಟ್ಟಿನ ಹಿಂದಿನ ತಂತಿಯನ್ನು ಕಂಪನಿಯವರು ಕಿತ್ತುಕೊಂಡು ಹೋಗಿದ್ದು ಅವರ ಕಣ್ಣೆದುರೇ. ಆದರೂ ಅವರು ರಿಸೀವರ್ ಕುಟ್ಟಿದರು, ಊದಿದರು, ಕಂಪನಿಯ ಮೂರು ತಲೆಮಾರನ್ನು ಜಾಲಾಡಿದರು. ಆಮೇಲೆ ವೈರನ್ನು ರೂಟರಿನ ಹಿಂದೆ ಕಂಡ ತೂತಿಗೆಲ್ಲ ಹಾಕಿ ನೋಡಿದರು. ಕಂಪ್ಯೂಟರಿಗೆಂದು ಇದ್ದ ತೂತಿನಲ್ಲಿ ಅದು ದೊಡ್ಡವರ ಚಪ್ಪಲಿಯಲ್ಲಿ ಮಗುವಿನ ಕಾಲಿಟ್ಟಂತೆ ಕೂತಿತು. ಕೊನೆಗೆ ಫೋನಿನ ಚಿತ್ರ ಬಿಡಿಸಿದ್ದ ತೂತು ಕಣ್ಣಿಗೆ ಬಿತ್ತು. ಟಕ್ ಎಂದಿತು. ರೂಟರಿನ ಮೇಲಿನ ಫೋನ್ ದೀಪ ಹಸಿರಾಯಿತು, ರಿಸೀವರಿನಲ್ಲಿ ಸದ್ದು ಬಂತು.

ಅಲ್ಲಿಗೆ ಕೈಬಿಟ್ಟಿದ್ದರೆ ಮನೆ ಉಳಿಯುತ್ತಿತ್ತು. ಆದರೆ ಮಗಳ ಲ್ಯಾಪ್‌ಟಾಪಿನಲ್ಲಿ ರೂಟರಿನ ಸೆಟ್ಟಿಂಗ್ ಪುಟ ತೆರೆದುಕೊಂಡಿತ್ತು, ಮತ್ತು ಆ ಪುಟದ ತುಂಬ ಚೌಕಗಳು. ಸಾಹೇಬರ ಮುಖ ಅರಳಿತು. ಯಾವುದು ಏನು ಎಂದು ತಿಳಿಯಬೇಕಾದ ಅಗತ್ಯ ಅವರಿಗೆ ಎಂದೂ ಬಿದ್ದಿರಲಿಲ್ಲ, ಖಾಲಿ ಇರಬಾರದು ಅಷ್ಟೆ. ಹೆಸರು ಕೇಳಿದಲ್ಲಿ ಹುದ್ದೆಯ ಸಮೇತ ಹೆಸರು. ಪಾಸ್‌ವರ್ಡ್ ಕೇಳಿದಲ್ಲಿ ಮನೆಯವರು ಯಾರೂ ಒಂದೇ ಸಲಕ್ಕೆ ಹೊಡೆಯಲಾಗದ ಒಂದು ಸಾಲು. ಕೊನೆಯಲ್ಲಿ, ಬರುವ ಕರೆಗಳನ್ನು ಬೇರೆ ನಂಬರಿಗೆ ಕಳಿಸುವ ಚೌಕವೊಂದಿತ್ತು. ಅದೂ ಖಾಲಿ. ಸಾಹೇಬರು ತಮ್ಮ ಮೊಬೈಲ್ ನಂಬರನ್ನು ಅದರಲ್ಲಿ ತುಂಬಿ ಸೇವ್ ಒತ್ತಿದರು.

ಪರೀಕ್ಷೆಯೂ ಆಯಿತು. ಮನೆಯ ಫೋನಿನಿಂದ ಹಳೆಯ ಸಹೋದ್ಯೋಗಿಗಳಿಗೆಲ್ಲ ಮಾಡಿ ತಾವೇ ಸೆಟ್ ಮಾಡಿದ್ದಾಗಿ ಸಾರಿದರು. ಹೊರಗಿನಿಂದ ಮನೆಗೊಂದು ಕರೆ ಮಾಡಿ ನೋಡಬೇಕೆಂದು ಅವರಿಗೆ ಹೊಳೆಯಲಿಲ್ಲ. ತಾವು ಮಾತಾಡುವುದು ನಾಲ್ಕು ಜನಕ್ಕೆ ಕೇಳಿದರೆ ಅವರ ಲೆಕ್ಕದಲ್ಲಿ ಎಲ್ಲವೂ ಸುಸೂತ್ರ. ಇನ್ನೊಬ್ಬರ ಮಾತು ಈ ಕಡೆ ಬರಬೇಕೆಂಬ ಆಸೆ ಅವರಿಗೆ ಕಚೇರಿಯಲ್ಲೂ ಇರಲಿಲ್ಲ.

ಅಂದಿನಿಂದ ಮನೆಯ ಫೋನು ಬಾಯಿ ಹೊಲಿದುಕೊಂಡು ಕೂತಿತು.

ಹೆಂಡತಿ ಹೊಲಿಯುತ್ತ ಹೊಲಿಯುತ್ತ ಯಂತ್ರ ನಿಲ್ಲಿಸಿ ಕಿವಿಗೊಡುವಳು. ಸ್ನಾನಕ್ಕೆ ಹೋಗುವಾಗ ಬಾಗಿಲು ಓರೆ ಮಾಡಿಡುವಳು. ಮೊದಲ ವಾರ ಆಸ್ಪತ್ರೆಯವರದಿರಲಿ, ಒಬ್ಬೇ ಒಬ್ಬ ಗಿರಾಕಿಯ ಕರೆಯೂ ಬರಲಿಲ್ಲ. ಎರಡನೆಯ ವಾರ ಅವಳು ಕೇಳಿಯೇಬಿಟ್ಟಳು. "ರೀ, ಫೋನ್ ಸರಿ ಇದೆಯಾ? ಒಂದೂ ಬರ್ತಿಲ್ಲವಲ್ಲ?"

"ಹಸಿರು ದೀಪ ಕಾಣ್ಸಲ್ವಾ? ಫೋನ್ ಸರಿ ಇದೆ. ನಿನ್ನ ಪರದೆ ಯಾರಿಗೂ ಬೇಡ ಅಷ್ಟೇ. ಈಗೆಲ್ಲ ರೆಡಿಮೇಡ್ ಕಾಲ."

ಅವಳು ಎತ್ತಿ ನೋಡಿದಳು. ಸದ್ದು ಬರುತ್ತಿತ್ತು. ಇಷ್ಟು ವರ್ಷದಲ್ಲಿ ಮೊದಲ ಸಲ, ತನ್ನ ಕೈಕೆಲಸದ ಮೇಲೇ ಅವಳಿಗೆ ಅನುಮಾನ ಬಂತು. ಹೋದ ತಿಂಗಳು ಕೊಟ್ಟ ಪರದೆಗಳ ಮಡಿಕೆ ಸರಿಯಿತ್ತೇ, ಅಂಚು ಎಳೆದುಕೊಂಡಿತೇ ಎಂದು ಒಂದೊಂದನ್ನೇ ನೆನೆದು ಕೊರಗಿದಳು. ಆಸ್ಪತ್ರೆಗೆ ತಾನೇ ಹೋಗಿ ಕೇಳೋಣವೆಂದರೆ, ಬೇಡವೆಂದವರ ಬಾಗಿಲಲ್ಲಿ ನಿಂತಂತಾಗುತ್ತದೆಂಬ ಸಂಕೋಚ.

ಇತ್ತ ಸಾಹೇಬರಿಗೆ ಬಿಡುವಿಲ್ಲ. ಅವರ ಮೊಬೈಲು ದಿನಕ್ಕೆ ಹತ್ತು ಸಲ ಬಡಿದುಕೊಳ್ಳುತ್ತಿತ್ತು. ಪರಿಚಯವಿಲ್ಲದ ನಂಬರು, ಪರದೆಯ ಮಾತು. ಪೂರ್ತಿ ಮಾತು ಕೇಳುವುದು ಅವರ ಜಾಯಮಾನವಲ್ಲ. ಪರದೆ ಎಂದ ಕೂಡಲೇ ಮಾರಲು ಬಂದವರೆಂದು ತೀರ್ಮಾನಿಸಿ ಝಾಡಿಸಿಬಿಡುವರು. ಟೀ ಅಂಗಡಿಯಲ್ಲಿ ಅದನ್ನೇ ಹೇಳಿಕೊಂಡು ಮೆರೆಯುವರು. "ಇವತ್ತು ಒಬ್ಬಳಿಗೆ ಸರಿಯಾಗಿ ಕೊಟ್ಟೆ. ಇನ್ನೊಂದು ಸಲ ಮಾಡಿದ್ರೆ ಪೊಲೀಸಿಗೆ ಹೇಳ್ತೀನಿ ಅಂದೆ, ಗಪ್‌ಚಿಪ್!"

ಬಯಲಾದದ್ದು ಎದುರುಮನೆಯ ಅಕ್ಕನ ಕಿಟಕಿಯಲ್ಲಿ. ಪರದೆ ತೂಗುಹಾಕಲು ಹೆಂಡತಿ ಅಲ್ಲಿ ಸ್ಟೂಲು ಹತ್ತಿ ನಿಂತಿದ್ದಳು.

"ಅಲ್ವೇ, ನಿಮ್ಮನೆ ಫೋನಿಗೆ ಏನಾಗಿದೆ? ನಮ್ಮ ನಾದಿನಿ ಎರಡು ಸಲ ಮಾಡಿದ್ಳಂತೆ, ಯಾರೋ ಗಂಡಸು ಬಾಯಿಗೆ ಬಂದಂಗೆ ಬೈದನಂತೆ" ಎಂದಳು ಅಕ್ಕ.

"ನಮ್ಮನೇಲಿ ಫೋನ್ ಬಡೀತಾನೇ ಇಲ್ಲ ಅಕ್ಕ."

"ತಡಿ, ಈಗಲೇ ನೋಡೇಬಿಡೋಣ." ಅಕ್ಕ ತನ್ನ ಮೊಬೈಲಿನಿಂದ ಆ ನಂಬರು ಒತ್ತಿ, ಇಬ್ಬರಿಗೂ ಕೇಳುವಂತೆ ಸ್ಪೀಕರ್ ಹಾಕಿದಳು.

ಬೀದಿಯ ಆಚೆ, ಬಾಲ್ಕನಿಯಲ್ಲಿ, ಸಾಹೇಬರು ಕುರ್ಚಿಯ ಮೇಲೆ ಕಾಲು ಚಾಚಿ ಕೂತಿದ್ದರು. ಅವರ ಅಂಗಿಯ ಜೇಬು ಹಾಡತೊಡಗಿತು. ಅವರು ಜೇಬಿಗೆ ಕೈಹಾಕಿದರು, ಮೊಬೈಲನ್ನು ದೂರ ಹಿಡಿದು ನೋಡಿದರು, ಕಿವಿಗಿಟ್ಟರು. ಅಕ್ಕನ ಅಂಗೈಯಿಂದ ಅವರ ದನಿ ಬಂತು.

"ಹಲೋ, ಯಾರು?"

"ನಮಸ್ಕಾರ, ಪರದೆ ವಿಷಯ ಮಾತಾಡಬೇಕಿತ್ತು..."

"ಬೇಡ! ಎಷ್ಟು ಸಲ ಹೇಳೋದ್ರೀ ನಿಮಗೆ? ಮಾನ ಮರ್ಯಾದೆ ಇದ್ರೆ ಇನ್ನೊಂದು ಸಲ ಮಾಡಬೇಡಿ. ಇಡ್ರೀ!"

ಬಾಲ್ಕನಿಯಲ್ಲಿ ಸಾಹೇಬರು ಮೊಬೈಲನ್ನು ಜೇಬಿಗಿಳಿಸಿ, ಸೊಳ್ಳೆ ಹೊಡೆದವರ ಸಮಾಧಾನದಿಂದ ಮತ್ತೆ ಕಾಲು ಚಾಚಿದರು.

ಅಕ್ಕನಿಗೆ ನಗು ತಡೆಯಲಾಗಲಿಲ್ಲ. ಸ್ಟೂಲಿನ ಮೇಲಿದ್ದವಳು ನಗಲಿಲ್ಲ. ಉಳಿದ ಎರಡು ಕೊಕ್ಕೆಗಳನ್ನೂ ಸಿಕ್ಕಿಸಿ, ಪರದೆಯ ನೆರಿಗೆ ನೇರಮಾಡಿ, ಕೆಳಗಿಳಿದಳು.

ಸಂಜೆ ಮಗಳು ಸೆಟ್ಟಿಂಗ್ ಪುಟ ತೆರೆದಳು. "ಅಪ್ಪಾ, ಇಲ್ಲಿ ನಿಮ್ಮ ನಂಬರ್ ಯಾಕೆ ಹಾಕಿದ್ರಿ?"

"ಖಾಲಿ ಇತ್ತು."

"ಖಾಲಿ ಇತ್ತು ಅಂತ ತುಂಬಿದ್ರಾ?"

"ಮತ್ತೆ? ಅಷ್ಟು ದೊಡ್ಡ ಕಂಪನಿ ಸುಮ್ನೆ ಚೌಕ ಹಾಕ್ತಾರಾ?" ಅವರ ದನಿ ಏರಿತು. "ಬೇಡದಿದ್ರೆ ಅವರೇ ಬರೀಬೇಕಿತ್ತು, ಇಲ್ಲಿ ತುಂಬಬೇಡಿ ಅಂತ. ತಪ್ಪು ಅವರದ್ದು. ನಿಮ್ಮಮ್ಮನೂ ಮೊದಲೇ ಹೇಳಬೇಕಿತ್ತು, ಪರದೆಯವರ ಫೋನ್ ಬರುತ್ತೆ ಅಂತ."

ಇಷ್ಟು ವರ್ಷ ಅದೇ ಮನೆಯಲ್ಲಿ ಯಂತ್ರದ ಸದ್ದಿಗೆ ಎದ್ದು ಯಂತ್ರದ ಸದ್ದಿಗೆ ಮಲಗಿದ ಮನುಷ್ಯನ ಮಾತು ಇದು. ಮಾತಿಗೆ ಮಾತು ಬೆಳೆಸಿ ನಷ್ಟ ಮಾಡಿಕೊಳ್ಳುವಷ್ಟು ಬಿಡುವು ಹೆಂಡತಿಗಿರಲಿಲ್ಲ. ಮರುದಿನ ಬೆಳಿಗ್ಗೆ ಬಟ್ಟೆಯ ಮಾದರಿಗಳನ್ನು ಚೀಲಕ್ಕೆ ತುಂಬಿ ನೆಟ್ಟಗೆ ಆಸ್ಪತ್ರೆಗೆ ನಡೆದಳು.

ಮೇಲ್ವಿಚಾರಕಿ ಅವಳನ್ನು ನೋಡಿ ಎದ್ದು ನಿಲ್ಲಲಿಲ್ಲ. "ಬಂದ್ರಾ? ಪೊಲೀಸ್‌ನವರನ್ನೂ ಕರ್ಕೊಂಡು ಬಂದ್ರೋ ಹೇಗೆ?"

ಹೆಂಡತಿ ಇದ್ದದ್ದನ್ನು ಇದ್ದಂತೆ ಹೇಳಿದಳು, ನಾಲ್ಕೇ ಮಾತಿನಲ್ಲಿ. ಮೇಲ್ವಿಚಾರಕಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಮೇಲಿನ ಮಹಡಿ ಬೇರೆಯವರಿಗೆ ಕೊಟ್ಟಾಯ್ತಮ್ಮ. ಏನು ಮಾಡ್ಲಿ ಹೇಳಿ. ಕೆಳಗಿನದು ಇನ್ನೂ ಕೊಟ್ಟಿಲ್ಲ. ಆದರೆ ನಮ್ಮಲ್ಲಿ ದಿನಾ ಏನಾದ್ರೂ ಹರಿಯುತ್ತೆ, ಕಲೆ ಆಗುತ್ತೆ. ನಾನು ಫೋನ್ ಮಾಡಿದಾಗ ಆ ಮನುಷ್ಯ ಎತ್ತಿದ್ರೆ ನನ್ನಿಂದ ಆಗಲ್ಲ. ಯಾರದು, ನಿಮ್ಮಲ್ಲಿ ಕೆಲಸಕ್ಕಿದ್ದಾರಾ?"

"ಕೆಲಸ ಏನೂ ಮಾಡಲ್ಲ ಮೇಡಂ. ಮನೇಲಿ ಇರ್ತಾರೆ."

"ಓಹೋ, ಗಂಡನಾ" ಎಂದರು ಮೇಲ್ವಿಚಾರಕಿ. ಅವರ ದನಿ ಮೊದಲ ಬಾರಿಗೆ ಮೆತ್ತಗಾಯಿತು. "ಅಳತೆ ತಗೊಳ್ಳಿ."

ಒಂದು ಮಹಡಿ ಕೈತಪ್ಪಿತ್ತು. ಉಳಿದ ಮಹಡಿಯ ಬಲದ ಮೇಲೆ ಅವಳು ಅಂದೇ ಕೋಣೆ ಮಾತಾಡಿ, ಕೇಬಲ್ಲಿನವನನ್ನು ಹುಡುಕಿಕೊಂಡು ಹೋದಳು. ನಂಬರನ್ನು ಆ ಕೋಣೆಗೆ ವರ್ಗ ಮಾಡಬಹುದು, ಅಲ್ಲಿಗೆ ಬೇರೆ ರೂಟರು ಕೊಡುತ್ತೇವೆ, ಆದರೆ ಲೈನು ಯಜಮಾನರ ಹೆಸರಲ್ಲಿದೆ, ಅವರ ಸಹಿ ಬೇಕು ಎಂದ.

ಸಾಹೇಬರು ಕಾಗದ ನೋಡಿದ್ದೇ ತಡ ನೆಟ್ಟಗೆ ಕೂತರು. ಕೊಡುವುದಿಲ್ಲ ಎನ್ನುವ ಅವಕಾಶ ನಿವೃತ್ತಿಯ ನಂತರ ಅವರಿಗೆ ಸಿಕ್ಕಿದ್ದು ಇದೇ ಮೊದಲು.

"ನನ್ನ ಹೆಸರಿನ ನಂಬರು. ಬೀದೀಲಿ ತಗೊಂಡು ಹೋಗಿ ಇಡೋಕೆ ನಾನು ಒಪ್ಪಲ್ಲ. ಇಷ್ಟಕ್ಕೂ ನಾನು ಸೆಟ್ ಮಾಡಿದ ಫೋನು."

"ಸರಿ ಬಿಡಿ" ಎಂದಳು ಹೆಂಡತಿ. "ಹಾಗಾದ್ರೆ ನಂಬರ್ ಇಲ್ಲೇ ಇರಲಿ. ಯಂತ್ರ ಮಾತ್ರ ಅಲ್ಲಿಗೆ ಹೋಗುತ್ತೆ, ನಾನೂ ಹೋಗ್ತೀನಿ. ಇಲ್ಲಿ ಬರೋ ಫೋನೆಲ್ಲ ನೀವೇ ಎತ್ತಿ. ಯಾರಿಗೆ ಎಷ್ಟು ಉದ್ದ, ಎಷ್ಟು ಅಗಲ, ಯಾವ ಬಣ್ಣ, ಎಷ್ಟು ನೆರಿಗೆ, ಯಾವತ್ತಿಗೆ ಬೇಕು, ಎಲ್ಲ ಕೇಳಿ ಮಧ್ಯಾಹ್ನ ಬಂದು ನನಗೆ ಹೇಳಿ ಹೋಗಿ. ದಿನಾ."

ಸಾಹೇಬರು ಪೆನ್ನಿನ ಮುಚ್ಚಳ ತೆಗೆದರು. ಕೆಲಸ ಎಂಬ ಮಾತು ಹತ್ತಿರ ಸುಳಿದರೆ ಅವರ ಹಠಕ್ಕೆ ಅಷ್ಟೇ ಆಯುಷ್ಯ. ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಬಾಯಿಗೆ ಸೆರಗು ಒತ್ತಿಕೊಂಡಳು.

ಕೇಬಲ್ಲಿನವನು ಹೊಸ ಕೋಣೆಯಲ್ಲಿ ಎಲ್ಲ ಜೋಡಿಸಿ, ತನ್ನ ಮೊಬೈಲಿನಿಂದ ಮಾಡಿ ತೋರಿಸಿದ. ಬಡಿಯಿತು. ಅವನು ಹೋದ ಸ್ವಲ್ಪ ಹೊತ್ತಿಗೆ ಟೀ ಅಂಗಡಿಯವನು ಲೋಟ ಹಿಡಿದು ಬಂದು, ಕೋಣೆಯ ಸುತ್ತ ಕಣ್ಣಾಡಿಸಿದ.

"ಚೆನ್ನಾಗಿದೆ ಅಕ್ಕ. ಸಾಹೇಬ್ರು ಹೇಳ್ತಿದ್ರು, ಆಸ್ಪತ್ರೆಯವರ ಹತ್ರ ಮಾತಾಡಿ ಆರ್ಡರ್ ಹಿಡಿದದ್ದು ಅವರೇ ಅಂತೆ? ವ್ಯಾಪಾರ ಬೆಳೀತು, ಅದಕ್ಕೆ ಬ್ರಾಂಚ್ ಹಾಕಿಸಿಕೊಟ್ಟೆ ಅಂದ್ರು."

ಅವಳ ಬಾಯಿಯಲ್ಲಿ ಗುಂಡುಸೂಜಿಗಳಿದ್ದವು. ಅವನ್ನು ಒಂದೊಂದಾಗಿ ತೆಗೆದು ಪುಟ್ಟ ಸೂಜಿದಿಂಬಿಗೆ ಚುಚ್ಚುವಷ್ಟರಲ್ಲಿ ಫೋನು ಬಡಿಯಿತು. ಅವಳು ಎತ್ತಿದಳು. ಅತ್ತ ಕಡೆ ಮೇಲ್ವಿಚಾರಕಿ, ಕೆಳಗಿನ ಮಹಡಿಯ ಕಂಬಿ ಗೋಡೆಯಿಂದ ಎಷ್ಟು ದೂರ ಬರಬೇಕೆಂದು ಕೇಳುತ್ತಿದ್ದರು.

"ಒಂದು ಗೇಣು ಬಿಡಿಸಿ ಮೇಡಂ, ಬಟ್ಟೆ ಗೋಡೆಗೆ ಉಜ್ಜಬಾರದು" ಎಂದಳು. ಟೀ ಅಂಗಡಿಯವನು ಲೋಟವನ್ನು ಎಲ್ಲಿಡಲಿ ಎಂದು ಕಣ್ಣಲ್ಲೇ ಕೇಳಿದ. ಅವಳು ಕಿಟಕಿಯತ್ತ ಕೈತೋರಿಸಿ, ಇನ್ನೊಂದು ಕೈಯಲ್ಲಿ ಥಾನನ್ನು ನೆಲದುದ್ದಕ್ಕೂ ಉರುಳಿಸಿಬಿಟ್ಟಳು.